ಹುಟ್ಟದ ಮರಿಗೆ ಲೈಕ್ ಬರುವುದಿಲ್ಲ

ಬೆಂಗಳೂರಿನ ನಾಯಿರಕ್ಷಣೆಯ ರೀಲುಗಳನ್ನು ನಾಲ್ಕು ನೋಡಿದವರಿಗೆ ಐದನೆಯದರ ಕತೆ ಬಾಯಿಪಾಠ. ಮೊದಲು ಮೋರಿ. ಮೋರಿಯೊಳಗೆ ಕುಂಯ್‌ಗುಡುವ ಐದು ಮರಿ. ಹಿನ್ನೆಲೆಯಲ್ಲಿ ಪಿಯಾನೊ. ಕೈಗವಸು ತೊಟ್ಟ ಎರಡು ಕೈ ಕೆಳಗಿಳಿದು ಒಂದೊಂದೇ ಮರಿಯನ್ನು ಎತ್ತುತ್ತವೆ. ಮುಂದೆ ಶಾಂಪೂ ಸ್ನಾನ, ಹಳದಿ ಟವೆಲು, ಹೇರ್ ಡ್ರೈಯರ್. ಅಷ್ಟರಲ್ಲಿ ಪಿಯಾನೊ ಹೋಗಿ ಗಿಟಾರು ಬಂದಿರುತ್ತದೆ. ನಾಮಕರಣವೂ ಆಗುತ್ತದೆ: ಮೋಚಾ, ಲಾಟೆ, ಕುಕೀ, ಕೊಕೊ, ಐದನೆಯದಕ್ಕೆ ಮಾತ್ರ ಸ್ಥಳೀಯರ ಭಾವನೆಗಳನ್ನು ಗೌರವಿಸಿ ಇಡ್ಲಿ. ಕೊನೆಗೆ ಪರದೆ ತುಂಬ ಕ್ಯೂಆರ್ ಕೋಡು.

ಇಂಥ ರೀಲುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುವ ಕೆಟ್ಟ ಚಟ ನನ್ನದು. ಹಾಗೆ ನೋಡಿದರೆ ಎಷ್ಟೋ ರೀಲುಗಳ ಅಂಚಿನಲ್ಲಿ ಇನ್ನೊಂದು ಪ್ರಾಣಿ ಕಾಣುತ್ತದೆ. ಮೊಲೆ ಜೋತುಬಿದ್ದ, ಪಕ್ಕೆಲುಬು ಎಣಿಸಬಹುದಾದ, ಬಾಲವನ್ನು ಕಾಲಸಂದಿಗೆ ಸಿಕ್ಕಿಸಿಕೊಂಡ ಒಂದು ಕಂದು ನಾಯಿ. ಮರಿಗಳ ತಾಯಿ. ಆಕೆಗೆ ಸ್ನಾನವಿಲ್ಲ, ಹೆಸರಿಲ್ಲ, ಕಾರಿನಲ್ಲಿ ಜಾಗವೂ ಇಲ್ಲ. ಬಾಗಿಲು ಹಾಕಿ ಕಾರು ಹೊರಟಾಗ ನಾಲ್ಕು ಹೆಜ್ಜೆ ಹಿಂದೆ ಓಡಿ ಬರುತ್ತಾಳೆ. ಆ ಓಟಕ್ಕೆ ಕೆಳಗೆ ಮುನ್ನೂರು ಜನ ಅಳುವ ಎಮೋಜಿ ಹಾಕಿರುತ್ತಾರೆ. ನಾಯಿಯ ಬಸಿರು ಸುಮಾರು 63 ದಿನದ್ದು. ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ ಬೆದೆ, ಸೂಲಿಗೆ ನಾಲ್ಕೋ ಆರೋ ಮರಿ. ಹಾಗಾಗಿ ಆರೇಳು ತಿಂಗಳಲ್ಲಿ ಅದೇ ಮೋರಿ, ಅದೇ ಕೈಗವಸು, ಅದೇ ಪಿಯಾನೊ. ಮೋಚಾ ಎಂಬ ಹೆಸರು ಖರ್ಚಾಗಿರುವುದರಿಂದ ಈ ಸಲ ಮ್ಯಾಗಿ. ಕೆಳಗೆ ಒಕ್ಕಣೆ: ‘ಜನ ಯಾಕಿಷ್ಟು ಕ್ರೂರಿಗಳು?’

ತಾಯಿಯನ್ನು ಯಾಕೆ ಬಿಟ್ಟು ಬಂದಿರಿ ಎಂದು ರಕ್ಷಕರನ್ನು ಕೇಳಿದರೆ ಸಿದ್ಧ ಉತ್ತರವೊಂದಿದೆ: ‘ಅವಳು ಹಿಡಿಯೋಕೆ ಸಿಗಲ್ಲ.’ ಮೋರಿಯ ಎದುರಿಗೇ ಟೀ ಗಾಡಿ ಇಟ್ಟಿರುವಾಕೆಯನ್ನು ಕೇಳಿ ನೋಡಿ. ‘ಅಯ್ಯೋ, ಯಾವಾಗ್ಲೂ ನಮ್ಮ ಗಾಡಿ ಕೆಳಗೇ ಬಿದ್ಕೊಂಡಿರ್ತಾಳೆ ಸಾರ್. ಬನ್ನು ತೋರ್ಸಿದ್ರೆ ಕಂಕುಳಲ್ಲಿ ಎತ್ಕೋಬೋದು. ನನ್ನನ್ಯಾರು ಕೇಳಿದ್ರು?’

ಯಾರೂ ಕೇಳುವುದಿಲ್ಲ, ಯಾಕೆಂದರೆ ಲೆಕ್ಕ ಹಾಗಿದೆ. ಐದು ಮರಿ ಎತ್ತಿದರೆ ಐದು ಜೀವ ಉಳಿಸಿದಂತೆ. ತಾಯಿಯನ್ನು ಒಯ್ದು ಸಂತಾನಹರಣದ ಆಪರೇಷನ್ ಮಾಡಿಸಿ, ಮೂರ್ನಾಲ್ಕು ದಿನ ಇಟ್ಟುಕೊಂಡು, ಕಿವಿಯಂಚಿಗೆ ಗುರುತಿನ ಕತ್ತರಿ ಹಾಕಿ, ಅದೇ ಟೀ ಗಾಡಿಯ ಕೆಳಗೆ ತಂದು ಬಿಟ್ಟರೆ ಉಳಿಸಿದ್ದು ಎಷ್ಟು? ಸೊನ್ನೆ. ಆಕೆ ಮೊದಲೂ ಬದುಕಿದ್ದಳು, ಈಗಲೂ ಬದುಕಿದ್ದಾಳೆ. ಮುಂದಿನ ಮೂರು ವರ್ಷದಲ್ಲಿ ಹುಟ್ಟದೇ ಹೋದ ಇಪ್ಪತ್ತು ಮೂವತ್ತು ಮರಿಗಳು ಯಾವ ಕ್ಯಾಮೆರಾಗೂ ಸಿಗುವುದಿಲ್ಲ. ಅವುಗಳಿಗೆ ಟವೆಲು ಸುತ್ತಲಾಗದು, ಹೆಸರಿಡಲಾಗದು, ಅವುಗಳ ಹೆಸರಿನಲ್ಲಿ ದುಡ್ಡೆತ್ತಲಾಗದು. ಬೀದಿಯಲ್ಲಿ ಹುಟ್ಟುವ ಮರಿಗಳಲ್ಲಿ ಬಹುಪಾಲು ವರ್ಷ ತುಂಬುವುದರೊಳಗೆ ಪಾರ್ವೊ, ಡಿಸ್ಟೆಂಪರು, ಟೈರುಗಳ ಪಾಲಾಗುತ್ತವೆ. ಹುಟ್ಟುವುದನ್ನು ತಡೆದವನು ಅಷ್ಟು ಸಾವನ್ನೂ ತಡೆದ ಎಂದು ಹೇಳಿ ನೋಡಿ. ಗುಂಪಿನಿಂದ ನಿಮ್ಮನ್ನು ತೆಗೆದುಹಾಕಿದ ಸಂದೇಶ ಬರುತ್ತದೆ.

ಎತ್ತಿದ ಮರಿಗಳು ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಲು ಭಾನುವಾರದ ದತ್ತು ಶಿಬಿರಕ್ಕೆ ಹೋಗಬೇಕು. ಯಾವುದಾದರೂ ಕಾಫಿ ಅಂಗಡಿಯ ಅಂಗಳ, ಬಣ್ಣದ ಬಲೂನು, ಕೊರಳಿಗೆ ಕರ್ಚೀಫು ಕಟ್ಟಿಸಿಕೊಂಡು ನಿದ್ದೆ ಹೊಡೆಯುವ ಮರಿಗಳು. ದತ್ತು ಕೇಳುವವರಿಗೆ ನಾಲ್ಕು ಪುಟದ ಫಾರ್ಮು. ಸ್ವಂತ ಮನೆಯೇ, ಬಾಡಿಗೆಯೇ? ಬಾಲ್ಕನಿಗೆ ಗ್ರಿಲ್ ಇದೆಯೇ? ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆಯೇ? ಮದುವೆಯಾಗಿ ಮಗುವಾದರೆ ನಾಯಿಯನ್ನು ಏನು ಮಾಡುತ್ತೀರಿ? ಇಷ್ಟು ವಿಚಾರಣೆ ಹೆಣ್ಣು ಕೊಡುವ ಮನೆಯವರೂ ಮಾಡುವುದಿಲ್ಲ. ಸಂತೋಷದ ವಿಷಯವೇ. ಆದರೆ ನಾನು ಒಂದು ತಿರುಗುಪ್ರಶ್ನೆ ಕೇಳಿದೆ.

‘ಈ ಮರಿಗೆ ಆಪರೇಷನ್ ಯಾರು ಮಾಡಿಸ್ತಾರಮ್ಮ?’

‘ನೀವೇ ಮಾಡಿಸ್ಬೇಕು ಅಂಕಲ್. ಆರು ತಿಂಗ್ಳಾದ್ಮೇಲೆ. ಫಾರ್ಮಲ್ಲಿ ಸೈನ್ ಹಾಕಿಸ್ಕೊಂಡಿದೀವಲ್ಲ.’

‘ಮಾಡಿಸಿದ್ನೋ ಇಲ್ವೋ ಅಂತ ಆಮೇಲೆ ಯಾರು ನೋಡ್ತಾರೆ?’

‘ವಾಟ್ಸಾಪ್ ಗ್ರೂಪ್ ಇದೆ ಅಂಕಲ್. ಫೋಟೋ ಹಾಕ್ತಿರಿ, ಸಾಕು.’

‘ಒಂದು ಐದು ಸಾವಿರ ಠೇವಣಿ ಇಟ್ಕೊಳ್ಳಿ. ಆಪರೇಷನ್ ಚೀಟಿ ತೋರಿಸಿದ್ ಮೇಲೆ ವಾಪಸ್ ಕೊಡಿ.’

‘ಅಯ್ಯೋ, ಡೆಪಾಸಿಟ್ ಅಂದ್ರೆ ಯಾರೂ ತಗೊಳಲ್ಲ ಅಂಕಲ್!’

ಒಂದು ಕೋಣೆಯ ಬಾಡಿಗೆ ಮನೆಗೆ ಹತ್ತು ತಿಂಗಳ ಮುಂಗಡವನ್ನು ಮರುಮಾತಿಲ್ಲದೆ ಎಣಿಸಿಕೊಡುವ, ಬಿಡುವಾಗ ಬಣ್ಣದ ಖರ್ಚೆಂದು ಅದರಲ್ಲೊಂದು ತಿಂಗಳದ್ದನ್ನು ಬಿಟ್ಟುಕೊಟ್ಟು ಬರುವ ಊರು ಇದು. ಇಲ್ಲಿ ಐದು ಸಾವಿರದ ಠೇವಣಿಗೆ ಹೆದರಿ ಓಡಿಹೋಗುವವನು ಮರಿಯ ಲಸಿಕೆಗೆ, ಊಟಕ್ಕೆ, ಹದಿಮೂರು ವರ್ಷದ ಡಾಕ್ಟರ ಬಿಲ್ಲಿಗೆ ದುಡ್ಡು ಬಿಚ್ಚುತ್ತಾನೆಂದು ನಂಬಲು ಬಹಳ ದೊಡ್ಡ ಮನಸ್ಸು ಬೇಕು. ಆ ಮನಸ್ಸು ಶಿಬಿರದಲ್ಲಿ ಧಾರಾಳವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಪರೇಷನ್ ಮಾಡದೆ ನಾಯಿಯನ್ನು ಆಶ್ರಯತಾಣದಿಂದ ದತ್ತು ಕೊಡಕೂಡದೆಂದು ಕಾನೂನೇ ಇದೆ; ಎಳೆ ಮರಿಗಳಿಗೂ ಅಲ್ಲಿ ಈ ಶಸ್ತ್ರಚಿಕಿತ್ಸೆ ಮಾಮೂಲು. ಬಲೂನು, ಕರ್ಚೀಫು, ‘ಫರ್ ಬೇಬಿ’ ಎಂಬ ಸಂಬೋಧನೆ, ಇಷ್ಟನ್ನೂ ಅಲ್ಲಿಂದ ತಪ್ಪದೆ ತರಿಸಿಕೊಂಡ ನಮ್ಮವರು ಅದೊಂದನ್ನು ಮಾತ್ರ ವಿಮಾನದಲ್ಲೇ ಮರೆತು ಇಳಿದಿದ್ದಾರೆ.

ಶಿಬಿರದಲ್ಲಿ ಸಂಜೆ ಐದರ ಹೊತ್ತಿಗೆ ಉಳಿಯುವುದು ಯಾವ ಮರಿಗಳು ಗೊತ್ತೆ? ಹೆಣ್ಣು. ಬಂದವರೆಲ್ಲ ಮೊದಲು ಕೇಳುವುದು ‘ಗಂಡು ಇದೆಯಾ?’ ಎಂದೇ. ಹೆಣ್ಣಾದರೆ ಬೆದೆಗೆ ಬರುತ್ತದೆ, ಗೇಟಿನ ಹೊರಗೆ ಎಂಟು ಗಂಡುನಾಯಿ ಸೇರುತ್ತವೆ, ಮರಿ ಹಾಕುತ್ತದೆ, ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಮಾರ್ಕೆಟ್ಟಿನ ಹತ್ತಿರ ಬಿಟ್ಟುಬರುವ ಪಾಪ ಯಾರಿಗೆ ಬೇಕು? ಈ ಎಲ್ಲ ಆತಂಕಕ್ಕೂ ಇರುವುದು ಒಂದೇ ಮದ್ದು, ಒಂದೇ ದಿನದ ಕೆಲಸ. ಅದನ್ನು ತಾವೇ ಮುಗಿಸಿ ‘ಹೆಣ್ಣು, ಆಪರೇಷನ್ ಆಗಿದೆ’ ಎಂದು ಚೀಟಿ ತೂಗುಹಾಕಿದರೆ ಅರ್ಧ ತಕರಾರು ಅಲ್ಲೇ ಬಿದ್ದುಹೋಗುತ್ತದೆ. ಹಾಗೆ ಮಾಡದೆ, ಉಳಿದ ಹೆಣ್ಣುಮರಿಯನ್ನು ಯಾರದೋ ಕನಕಪುರ ರಸ್ತೆಯ ತೋಟಕ್ಕೆ, ಕಟ್ಟಡ ಕಟ್ಟುತ್ತಿರುವ ಸೈಟಿನ ಕಾವಲಿನವನಿಗೆ ‘ಸುಖಾಂತ್ಯ’ ಎಂಬ ಅಡಿಬರಹದೊಂದಿಗೆ ದಾಟಿಸಲಾಗುತ್ತದೆ. ಕಟ್ಟಡ ಮುಗಿದ ಮೇಲೆ ಕಾವಲಿನವನು ಊರಿಗೆ ಹೋಗುತ್ತಾನೆ. ಅವಳು ರಸ್ತೆಗಿಳಿಯುತ್ತಾಳೆ. ಹೊಸ ಬಡಾವಣೆಯಲ್ಲಿ ಹೊಸ ಮೋರಿಯೂ ಸಿದ್ಧವಾಗಿರುತ್ತದೆ.

ತಳಿನಾಯಿಯಾದರೆ ಕತೆಯೇ ಬೇರೆ. ಹಸ್ಕಿಯೊಂದು ದತ್ತಿಗಿದೆ ಎಂದು ಹಾಕಿ, ಫೋನಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮಾರಾಟದ ತಳಿ ಬೆಳೆಸಲು ವಿದೇಶದಿಂದ ನಾಯಿ ತರುವುದನ್ನು ಕೇಂದ್ರ ಸರ್ಕಾರ 2016ರಲ್ಲೇ ನಿಲ್ಲಿಸಿತು, ತಳಿಗಾರರು ನೋಂದಣಿ ಮಾಡಿಸಬೇಕೆಂದು 2017ರಲ್ಲಿ ನಿಯಮ ಬಂತು. ಆದರೂ ಹಿಮದ ಮೇಲೆ ಗಾಡಿ ಎಳೆಯಬೇಕಾದ ಪ್ರಾಣಿ ಏಪ್ರಿಲ್ ತಿಂಗಳಲ್ಲಿ ವೈಟ್‌ಫೀಲ್ಡಿನ ಹನ್ನೊಂದನೆಯ ಮಹಡಿಯಲ್ಲಿ ಎಸಿ ರಿಮೋಟಿನ ಕಡೆ ನೋಡುತ್ತ ಕೂತಿರುತ್ತದೆ. ಕರೆಂಟು ಬಿಲ್ಲು ಬಂದ ತಿಂಗಳು ರಿಂಗ್ ರೋಡಿಗೆ ಬೀಳುತ್ತದೆ. ಅಂಥದ್ದೊಂದು ಹೆಣ್ಣು ಲ್ಯಾಬ್ರಡಾರನ್ನು ರಸ್ತೆಯಿಂದ ಎತ್ತಿ, ಆಪರೇಷನ್ ಮಾಡದೆ, ‘ಪ್ರಾಣಿಪ್ರಿಯ ದಂಪತಿ’ಗೆ ಉಚಿತವಾಗಿ ಕೊಡುವ ರಕ್ಷಕರಿದ್ದಾರೆ. ಆ ದಂಪತಿಯ ಮನೆ ಹಿತ್ತಲಿನಲ್ಲಿ ಇನ್ನೂ ಆರು ಹೆಣ್ಣು ಲ್ಯಾಬ್ರಡಾರುಗಳನ್ನು ಕಟ್ಟಿಹಾಕಿದ್ದಾರೆಯೇ ಎಂದು ನೋಡಿಬರಲು ಫಾರ್ಮಿನಲ್ಲಿ ಜಾಗವಿಲ್ಲ. ತಳಿಗಾರನಿಗೆ ಬಂಡವಾಳವನ್ನು ಪುಕ್ಕಟೆ ಕೊಟ್ಟು, ಅವನ ಉದ್ಯಮವನ್ನು ಬೈಯುವ ಪೋಸ್ಟನ್ನೂ ತಾವೇ ಹಾಕುವ ಇಂಥ ಉದಾರಿಗಳನ್ನು ಯಾವ ಬ್ಯಾಂಕಿನಲ್ಲೂ ಕಾಣೆ.

‘ಎಲ್ಲಕ್ಕೂ ನಮ್ಮನ್ನೇ ಅಂದರೆ ಹೇಗೆ? ಅದು ಪಾಲಿಕೆಯ ಕೆಲಸ’ ಎನ್ನುತ್ತಾರೆ. ನಿಜ. 2001ರ ನಾಯಿ ಸಂತಾನ ನಿಯಂತ್ರಣ (ಎಬಿಸಿ) ನಿಯಮವೂ ಅದನ್ನೇ ಹೇಳಿತು, ಅದರ ಜಾಗಕ್ಕೆ ಬಂದ 2023ರ ನಿಯಮವೂ ಅದನ್ನೇ ಹೇಳಿದೆ: ಸ್ಥಳೀಯ ಸಂಸ್ಥೆ ನಾಯಿ ಹಿಡಿಸಬೇಕು, ಸಂತಾನಹರಣ ಚಿಕಿತ್ಸೆ ಮಾಡಿಸಬೇಕು, ರೇಬಿಸ್ ಲಸಿಕೆ ಹಾಕಿಸಬೇಕು, ಹಿಡಿದಲ್ಲಿಗೇ ತಂದು ಬಿಡಬೇಕು. ಪಾಲಿಕೆಯ ಆಸಕ್ತಿ ಎಲ್ಲಿದೆ ಎಂಬುದೂ 2025ರ ಜುಲೈಯಲ್ಲಿ ಊರಿಗೆ ಗೊತ್ತಾಯಿತು. ಸುಮಾರು 5,000 ಬೀದಿನಾಯಿಗಳಿಗೆ ದಿನಾ ಚಿಕನ್ ರೈಸ್ ಹಾಕಲು 2.88 ಕೋಟಿ ರೂಪಾಯಿಯ ಯೋಜನೆ. ತಲೆಗೊಂದರಂತೆ 22 ರೂಪಾಯಿ ಚಿಲ್ಲರೆ, ಅದರಲ್ಲಿ 150 ಗ್ರಾಂ ಕೋಳಿಮಾಂಸ. ಇಂದಿರಾ ಕ್ಯಾಂಟೀನಿನ ಸಾಲಿನಲ್ಲಿ ನಿಂತವರು ಒಂದು ಕ್ಷಣ ತಮ್ಮ ಕಾಲುಗಳನ್ನು ಎಣಿಸಿಕೊಂಡರು. ದೇಶವೆಲ್ಲ ನಕ್ಕಿತು. ಪಾಲಿಕೆಯನ್ನೇ ಐದು ತುಂಡು ಮಾಡಿ ಮುಗಿಸಲಾಗಿದೆ. ಇನ್ನು ಯಾವ ನಾಯಿ ಯಾವ ಪಾಲಿಕೆಯದ್ದೆಂದು ತೀರ್ಮಾನವಾಗುವುದರೊಳಗೆ ಅದು ಗಡಿ ದಾಟಿ ಮರಿ ಹಾಕಿರುತ್ತದೆ.

ಇಷ್ಟಾದರೂ, ನಗುವವರು ಒಂದು ಅಂಕಿಯನ್ನು ನೋಡಬೇಕು. ಬೆಂಗಳೂರಿನ ಬೀದಿನಾಯಿಗಳ ಅಂದಾಜು 2019ರಲ್ಲಿ 3.10 ಲಕ್ಷ ಇದ್ದದ್ದು 2023ರ ಸಮೀಕ್ಷೆಯಲ್ಲಿ 2.79 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಸಂತಾನಹರಣವಾದ ನಾಯಿಗಳ ಪ್ರಮಾಣ ಶೇ 51ರಿಂದ ಸುಮಾರು ಶೇ 72ಕ್ಕೆ ಏರಿತು. ಬೈಸಿಕೊಳ್ಳುವ ಇಲಾಖೆ, ಗುತ್ತಿಗೆ ಹಿಡಿದ ಕೆಲವು ಸಂಸ್ಥೆಗಳು, ಬೆಳಗಿನ ಜಾವ ಐದಕ್ಕೆ ಬಲೆ ಹಿಡಿದು ಓಡುವ ಹುಡುಗರು, ದಿನಕ್ಕೆ ಇಪ್ಪತ್ತು ಮೂವತ್ತು ಹೊಟ್ಟೆ ಕೊಯ್ದು ಹೊಲಿಯುವ ಡಾಕ್ಟರು, ಇವರಿಂದ ಆದ ಕೆಲಸ ಇದು. ಇವರಲ್ಲಿ ಯಾರಿಗೂ ಫಾಲೋವರುಗಳಿಲ್ಲ. ಬಲೆಯವನು ಬೀದಿಗೆ ಬಂದರೆ ಮಕ್ಕಳು ಕಲ್ಲು ಹೊಡೆಯುತ್ತಾರೆ, ನಾಯಿಪ್ರೇಮಿಗಳು ವಿಡಿಯೊ ಹಿಡಿಯುತ್ತಾರೆ.

ಉಳಿದ ಶೇ 28 ಎಂದರೆ ಎಪ್ಪತ್ತೆಂಟು ಸಾವಿರ ನಾಯಿ. ಶೇ 70 ದಾಟಿತೆಂದು ಪಾಸು ಮಾಡಿಕೊಂಡು ಮನೆಗೆ ಹೋಗುವ ಪರೀಕ್ಷೆಯೂ ಇದಲ್ಲ. ಆಪರೇಷನ್ ಆದ ನಾಯಿಗಳು ವಯಸ್ಸಾಗಿ ಸಾಯುತ್ತಿರುತ್ತವೆ, ಆಗದವು ಹೆರುತ್ತಿರುತ್ತವೆ. ಎರಡು ವರ್ಷ ಕೈಬಿಟ್ಟರೆ ಲೆಕ್ಕ ಮೊದಲಿನ ಜಾಗಕ್ಕೆ. ಆ ಎಪ್ಪತ್ತೆಂಟು ಸಾವಿರದಲ್ಲಿ ಬಹಳಷ್ಟು ಬಲೆಗೆ ಬೀಳದ ಚಾಲಾಕಿಗಳು. ವ್ಯಾನಿನ ಸದ್ದು ಎರಡು ಬೀದಿ ಆಚೆಯಿಂದಲೇ ಗುರುತಿಸಿ ಪೊದೆ ಸೇರುವಂಥವು. ಅವುಗಳನ್ನು ಮುಟ್ಟಬಲ್ಲವರು ಈ ಊರಿನಲ್ಲಿ ಒಬ್ಬರೇ: ದಿನಾ ರಾತ್ರಿ ಒಂಬತ್ತಕ್ಕೆ ಸ್ಕೂಟರಿನಲ್ಲಿ ಅನ್ನದ ಡಬ್ಬಿ ಕಟ್ಟಿಕೊಂಡು ಬರುವ ಅಕ್ಕ. ಆಕೆಗೆ ನಲವತ್ತು ನಾಯಿಗಳ ಹೆಸರು, ಯಾವುದಕ್ಕೆ ಕಜ್ಜಿ, ಯಾವುದು ಮುಂದಿನ ವಾರ ಮರಿ ಹಾಕುತ್ತದೆ ಎಲ್ಲ ಗೊತ್ತು. ಪಾಲಿಕೆಯ ಹತ್ತು ಸಮೀಕ್ಷೆ ಸೇರಿದರೂ ಆಕೆಯ ತಲೆಯಲ್ಲಿರುವ ದಾಖಲೆಗೆ ಸಮವಲ್ಲ. ಅದೇ ಅಕ್ಕ, ವ್ಯಾನು ಬಂದ ದಿನ ಬಾಗಿಲಿಗೆ ಅಡ್ಡ ನಿಂತು ಬ್ರೌನಿಗೆ ಸೂಜಿ ಎಂದರೆ ಭಯ, ಇವತ್ತು ಬೇಡ ಎನ್ನುತ್ತಾರೆ. ಸಂಸ್ಥೆಗಳಾದರೂ ಆಕೆಗೆ ತಿಳಿಹೇಳಬಹುದಿತ್ತು. ಅವು ಆಕೆಗೆ ಹೋದ ವಾರವಷ್ಟೇ ‘ಬೀದಿಯ ತಾಯಿ’ ಎಂಬ ಪ್ರಶಸ್ತಿ ಫಲಕ ಕೊಟ್ಟಿರುತ್ತವೆ. ಬ್ರೌನಿ ಈ ಮಧ್ಯೆ ಮೂರನೆಯ ಸೂಲು ಮುಗಿಸಿರುತ್ತದೆ. ಅಕ್ಕನ ಡಬ್ಬಿ ಎರಡು ಕೆಜಿಯಿಂದ ಐದು ಕೆಜಿಗೆ ಏರಿರುತ್ತದೆ, ಅಕ್ಕಿಗೆಂದು ಮತ್ತೊಂದು ಕ್ಯೂಆರ್ ಕೋಡು.

ದಿಲ್ಲಿಯಲ್ಲಿ ಹೀಗೆ ಮುಂದೂಡಿದ್ದರ ಫಲ ಒಂದೇ ತಿಂಗಳಲ್ಲಿ ಬಾಗಿಲಿಗೆ ಬಂತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ದಿಲ್ಲಿ ಸೀಮೆಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ, ಮತ್ತೆ ಬಿಡಬೇಡಿ ಎಂದಿತು. ಇಲ್ಲದ ಆಶ್ರಯತಾಣಕ್ಕೆ ಲಕ್ಷಾಂತರ ನಾಯಿ! ನಾಯಿಪ್ರೇಮಿಗಳು ಬೀದಿಗಿಳಿದರು, ಮೇಣದಬತ್ತಿ ಹಚ್ಚಿದರು; ಸಿಟ್ಟಿನಲ್ಲಿ ನ್ಯಾಯವೂ ಇತ್ತು. ಆಗಸ್ಟ್ 22ಕ್ಕೆ ಮೂವರ ಪೀಠ ಆದೇಶ ಬದಲಿಸಿತು. ರೇಬಿಸ್ ತಗಲಿದವನ್ನೂ ಮೇಲೆ ಬೀಳುವಂಥವನ್ನೂ ಬಿಟ್ಟು ಉಳಿದವು ತಮ್ಮ ಬೀದಿಗೆ ಮರಳಬಹುದು. ಆದರೆ ಆಪರೇಷನ್ನೂ ಲಸಿಕೆಯೂ ಆದ ಮೇಲೆ. ಎಷ್ಟೋ ವರ್ಷದಿಂದ ‘ಇವತ್ತು ಬೇಡ’ ಎಂದು ಮುಂದೂಡಿಸಿಕೊಂಡ ಆ ಕತ್ತರಿ ಗುರುತೇ ನಾಯಿಗೆ ಮನೆಗೆ ಬರುವ ರಹದಾರಿಯಾಯಿತು. ಕೋರ್ಟಿನ ಕದ ತಟ್ಟಿದ್ದ ನಾಯಿಪ್ರೇಮಿಗಳು ತಲಾ 25,000, ಸಂಸ್ಥೆಗಳು ತಲಾ ಎರಡು ಲಕ್ಷ ರೂಪಾಯಿ ಕಟ್ಟಬೇಕು, ಆ ಹಣ ನಾಯಿಗಳ ವ್ಯವಸ್ಥೆಗೇ ಹೋಗಬೇಕು ಎಂದೂ ಪೀಠ ಹೇಳಿತು. ಪ್ರೀತಿಯ ಮೇಲೆ ಜಿಎಸ್‌ಟಿ ಮಾದರಿಯ ತೆರಿಗೆ ಬಿದ್ದದ್ದು ಇತಿಹಾಸದಲ್ಲಿ ಇದೇ ಮೊದಲಿರಬೇಕು. ನವೆಂಬರ್ 7ಕ್ಕೆ ಇನ್ನೊಂದು ಆದೇಶ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಿರಿ, ಆಪರೇಷನ್ ಆದರೂ ಅಲ್ಲಿಗೆ ಮರಳಿ ಬಿಡಬೇಡಿ. ಕಚ್ಚಿಸಿಕೊಂಡ ಮಗುವಿನ ತಂದೆ ತಾಳ್ಮೆ ಕಳೆದುಕೊಂಡ ದಿನ ಕಾನೂನು ಎತ್ತ ವಾಲುತ್ತದೆಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಆ ತಂದೆಯ ಎದುರು ಮೋಚಾ, ಲಾಟೆಯರ ಸ್ನಾನದ ರೀಲು ಸಾಕ್ಷ್ಯಕ್ಕೆ ಬರುವುದಿಲ್ಲ.

ಇದನ್ನೆಲ್ಲ ಬಲ್ಲವರು ಈ ದೇಶದಲ್ಲಿ ಮೊದಲಿನಿಂದಲೂ ಇದ್ದರು ಎಂಬುದೇ ಹೊಟ್ಟೆ ಉರಿಸುವ ಸಂಗತಿ. ಮದ್ರಾಸಿನಲ್ಲಿ ಕಾರ್ಪೊರೇಷನ್ನು ದಿನಾ ನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದ ಕಾಲಕ್ಕೇ, 1964ರಲ್ಲಿ, ಬ್ಲೂ ಕ್ರಾಸ್ ಎಂಬ ಪ್ರಾಣಿದಯಾ ಸಂಸ್ಥೆಯವರು ಕೊಂದು ಪ್ರಯೋಜನವಿಲ್ಲ, ಹುಟ್ಟುವುದನ್ನು ತಡೆಯೋಣ ಎಂದು ಆಪರೇಷನ್ ಶುರು ಮಾಡಿದರು. ಕಾರ್ಪೊರೇಷನ್ನು ಆ ದಾರಿಗೆ ಬಂದದ್ದು 1996ರಲ್ಲಿ. ಸರ್ಕಾರಿ ಕಡತದ ವೇಗಕ್ಕೆ ಮೂವತ್ತೆರಡು ವರ್ಷ ಹೆಚ್ಚೇನಲ್ಲ. ಬೆಂಗಳೂರಿಗೆ ಕ್ರಿಸ್ಟಲ್ ರೋಜರ್ಸ್ ಎಂಬ ವೃದ್ಧೆ ಬಂದು 1991ರಲ್ಲಿ ಕ್ಯುಪಾ ಸಂಸ್ಥೆಯನ್ನು ಕಟ್ಟಿದಾಗ ಕ್ಯೂಆರ್ ಕೋಡೂ ಇರಲಿಲ್ಲ, ಪಿಯಾನೊವೂ ಇರಲಿಲ್ಲ. ಇವತ್ತೂ ಸದ್ದಿಲ್ಲದೆ ಆಪರೇಷನ್ ಕೊಠಡಿ ನಡೆಸುವ ಸಂಸ್ಥೆಗಳಿವೆ. ಅವುಗಳ ಪುಟಕ್ಕೆ ಹೋಗಿ ನೋಡಿ: ಅರಿವಳಿಕೆಯಲ್ಲಿ ನಾಲಗೆ ಚಾಚಿ ಮಲಗಿದ ನಾಯಿಯ ಫೋಟೋ, ಹದಿನೇಳು ಲೈಕು. ಹದಿನೇಳರಲ್ಲಿ ಆರು ಅವರ ಸಿಬ್ಬಂದಿಯದ್ದೇ.

ದಾನಿಗಳಾದ ನಾವೇನು ಸಾಚಾಗಳೇ? ಕಾಲು ಮುರಿದ ನಾಯಿಗೆ ಐನೂರು ಹಾಕುತ್ತೇವೆ, ಕಣ್ಣು ಹೋದದ್ದಕ್ಕೆ ಸಾವಿರ. ಆಪರೇಷನ್ ಖರ್ಚಿಗೆ ಕೊಡಿ ಎಂದರೆ ‘ಪಾಪ, ಅದರ ಸಂಸಾರಸುಖ ಕಿತ್ತುಕೊಳ್ಳೋದು ಸರೀನಾ?’ ಎಂದು ಧರ್ಮಜಿಜ್ಞಾಸೆಗೆ ಕೂರುತ್ತೇವೆ. ಎರಡು ಮಕ್ಕಳಾದ ಮೇಲೆ ಸ್ವಂತ ಹೆಂಡತಿಯನ್ನು ಆಪರೇಷನ್ ಕ್ಯಾಂಪಿಗೆ ಕಳಿಸುವಾಗ ಈ ಜಿಜ್ಞಾಸೆ ಎಲ್ಲಿಗೆ ಹೋಗಿತ್ತೋ. ನಾವು ಯಾವುದಕ್ಕೆ ದುಡ್ಡು ಹಾಕುತ್ತೇವೋ ಅದನ್ನೇ ರಕ್ಷಕರು ತೋರಿಸುತ್ತಾರೆ, ತೋರಿಸಿದ್ದಕ್ಕೇ ನಾವು ದುಡ್ಡು ಹಾಕುತ್ತೇವೆ. ನಡುವೆ ನಾಯಿ ಹೆರುತ್ತಿರುತ್ತದೆ.

ಹೀಗಾಗಿ ರಕ್ಷಣಾ ಸಂಸ್ಥೆಗಳ ಮುಂದೆ ನನ್ನದೊಂದು ನಮ್ರ ಸಲಹೆ. ಎಬಿಸಿ ಕಾರ್ಯಕ್ರಮದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಬಾಯಿಮಾತಿನ ಲೆಕ್ಕಕ್ಕೆ ಬಿಲ್ಲು ಪಾಸಾಗಬಾರದೆಂದು, ಆಪರೇಷನ್‌ನಲ್ಲಿ ತೆಗೆದ ಅಂಗಗಳನ್ನು ಫಾರ್ಮಲಿನ್ ದ್ರಾವಣದಲ್ಲಿಟ್ಟು, ಸಮಿತಿಯವರ ಎದುರು ಎಣಿಸಿ, ಆಮೇಲೆ ವಿಲೇವಾರಿ ಮಾಡುತ್ತಾರೆ. ನಾಯಿಸೇವೆಯ ಇಡೀ ಕ್ಷೇತ್ರದಲ್ಲಿ ನನಗೆ ಪೂರ್ತಿ ನಂಬಿಕೆ ಇರುವ ಅಂಕಿಸಂಖ್ಯೆ ಇದೊಂದೇ. ಇದಕ್ಕೆ ಫಿಲ್ಟರು ಹಾಕಲಾಗದು. ಆದ್ದರಿಂದ ಪ್ರತಿ ಸಂಸ್ಥೆಯೂ ತನ್ನ ವಾರ್ಷಿಕೋತ್ಸವದ ವೇದಿಕೆಯ ಮೇಲೆ, ಹಾರ ಹಾಕಿದ ಫೋಟೋದ ಪಕ್ಕದಲ್ಲಿ, ಆ ವರ್ಷದ ಜಾಡಿಗಳನ್ನು ಸಾಲಾಗಿ ಇಡಲಿ. ದತ್ತು ಕೊಟ್ಟ ಮರಿಗಳ ಸಂಖ್ಯೆಯನ್ನು ಬ್ಯಾನರಿನಲ್ಲಿ ಹಾಕಲಿ, ಬೇಡವೆನ್ನುವುದಿಲ್ಲ; ಜಾಡಿಯ ಲೆಕ್ಕ ಅದಕ್ಕಿಂತ ಕಡಿಮೆಯಿದ್ದರೆ ಆ ವರ್ಷ ಸನ್ಮಾನ, ಶಾಲು, ಫಲತಾಂಬೂಲ ರದ್ದಾಗಲಿ.

ಚಿತ್ರನಟಿ ಉದ್ಘಾಟನೆಗೆ ಬರಲು ಒಪ್ಪುವುದಿಲ್ಲ, ಗೊತ್ತು. ಶಾಸಕರು ಬರುತ್ತಾರೆ, ಅವರು ಎಲ್ಲಕ್ಕೂ ಬರುತ್ತಾರೆ. ಜಾಡಿಯ ಮೇಲಿನ ಬಟ್ಟೆ ಸರಿಸಿ, ಕನ್ನಡಕ ಏರಿಸಿ ನೋಡಿ, ‘ಏನ್ರೀ ಇದು, ಸ್ವಸಹಾಯ ಸಂಘದ ಉಪ್ಪಿನಕಾಯೇನ್ರೀ?’ ಎಂದು ಮೈಕಿನಲ್ಲೇ ಕೇಳಿದರೆ, ಕಾರ್ಯದರ್ಶಿಗಳು ದಯವಿಟ್ಟು ಹೌದೆಂದುಬಿಡಲಿ. ಮುಂದಿನ ವರ್ಷದ ಅನುದಾನ ಮಹಿಳಾ ಸ್ವಉದ್ಯೋಗದ ಬಾಬ್ತಿನಲ್ಲಾದರೂ ಮಂಜೂರಾದೀತು.